ಮಾಸ್ಟ್ರ ಕಂಪ್ಯೂಟರೂ ಓಣಿಯ ವೋಲ್ಟೇಜೂ

ವಾಮಂಜೂರಿನ ತಾರಾನಾಥ ಮಾಸ್ಟ್ರ ಮನೆಗೆ ಕಂಪ್ಯೂಟರ್ ಬಂದದ್ದು 1988ರ ಮಾರ್ಚ್ ತಿಂಗಳಲ್ಲಿ. ಅವರೇ ಅದನ್ನು ಕೊಂಡುಕೊಂಡರು ಎಂದು ಓಣಿಯಲ್ಲಿ ಹಬ್ಬಿದ ಸುದ್ದಿ ತಪ್ಪು. ಅವರಿಗೆ ಲಾಟರಿ ಹೊಡೆಯಿತು ಎಂಬುದು ಇನ್ನೂ ದೊಡ್ಡ ತಪ್ಪು. ಯಂತ್ರ ಬಲ್ಮಠದ ಹೋಟೆಲ್ ಮಾಲೀಕ ಸರ್ವೋತ್ತಮ ಚೌಟರದ್ದು. ಚೌಟರು ತಮ್ಮ ಹೋಟೆಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ತರಗತಿ ತೆರೆಯುವವರಿದ್ದರು. ಮಾಳಿಗೆಯ ಗೋಡೆಗೆ ಇನ್ನೂ ಸಾರಣೆ ಆಗುತ್ತಿತ್ತು. ಸಿಮೆಂಟಿನ ಧೂಳು ಈ ಯಂತ್ರಕ್ಕೆ ವಿಷ ಎಂದು ಮಾರಿದವರು ಹೆದರಿಸಿದ್ದರಿಂದ, ಮಾಳಿಗೆ ತಯಾರಾಗುವ ತನಕ ಅದು ಮಾಸ್ಟ್ರ ಮನೆಯಲ್ಲಿರುವುದು, ಅಷ್ಟರಲ್ಲಿ ಮಾಸ್ಟ್ರು ಅದನ್ನು ಕಲಿತುಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ಮಾಸ್ಟ್ರು ಬಲ್ಮಠದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಕಲಿಯುವವರು ಕಡಿಮೆಯಾದರೆಂದು ಅದರ ಯಜಮಾನ ಇಸಿದೋರ್ ಸಲ್ದಾನ್ಹರು ಮೇ ಕೊನೆಗೆ ಬಾಗಿಲು ಹಾಕುವುದಾಗಿ ಹೇಳಿಬಿಟ್ಟಿದ್ದರು. ಆಮೇಲೆ ಮಾಸ್ಟ್ರಿಗೆ ಕೆಲಸವಿಲ್ಲ. ವಯಸ್ಸು ಐವತ್ತು ದಾಟಿತ್ತು. ಆದ್ದರಿಂದಲೇ ಅವರು ಚೌಟರ ಹೋಟೆಲಿನ ಕೌಂಟರಿನ ಎದುರು ಹೋಗಿ ನಿಂತದ್ದು. ಕಂಪ್ಯೂಟರ್ ಗೊತ್ತುಂಟಾ ಎಂದು ಚೌಟರು ಕೇಳಿದರು. ಅಕ್ಷರದ ಕೀಲಿಗಳೆಲ್ಲ ಟೈಪ್‌ರೈಟರಿನದ್ದೇ ಅಲ್ಲವಾ ಎಂದು ಮಾಸ್ಟ್ರು ಹೇಳಿದರು. ಈ ಉತ್ತರ ಸುಳ್ಳಲ್ಲ. ಪ್ರಶ್ನೆಗೆ ಉತ್ತರವೂ ಅಲ್ಲ.

ಯಂತ್ರ ಮೂರು ಪೆಟ್ಟಿಗೆಗಳಲ್ಲಿ ಬಂತು. ಎರಡರಲ್ಲಿ ಕಂಪ್ಯೂಟರ್, ಮೂರನೆಯದರಲ್ಲಿ ಸ್ಟೆಬಿಲೈಸರ್ ಎಂಬ ಭಾರದ ಡಬ್ಬ. ಕರೆಂಟು ತಗ್ಗಿದರೆ ಎತ್ತಿ, ಏರಿದರೆ ಇಳಿಸಿ ಕೊಡುವುದು ಅದರ ಉದ್ಯೋಗ. ಅದರ ಮುಖದಲ್ಲಿ ಒಂದು ಮುಳ್ಳು, ಒಂದು ಕೆಂಪು ದೀಪ, ಒಂದು ಹಸಿರು ದೀಪ. ಮಾಸ್ಟ್ರ ಹೆಂಡತಿ ಗುಣವತಿಯಮ್ಮ ಎಲ್ಲವನ್ನೂ ಚಾವಡಿಯ ಮೇಜಿನ ಮೇಲಿಡಿಸಿ ಮೇಲೊಂದು ಕಸೂತಿ ಬಟ್ಟೆ ಹೊದಿಸಿದರು. ಒಂದು ಸಂಜೆ ನೆರೆಯ ನಾಲ್ಕು ಮಂದಿ ಸೀರಿಯಲ್ ನೋಡಲು ಬಂದು ಚಾಪೆ ಹಾಕಿ ಕುಳಿತದ್ದೂ, ಇದರಲ್ಲಿ ಅದು ಬರುವುದಿಲ್ಲವೆಂದು ತಿಳಿದು ಮಾಸ್ಟ್ರಿಗೆ ಆದ ಮೋಸಕ್ಕೆ ಮರುಗಿ ಎದ್ದು ಹೋದದ್ದೂ ನಿಜ.

ಮೊದಲ ಸಂಜೆ ಮಾಸ್ಟ್ರು ಸ್ನಾನ ಮಾಡಿ, ಇಸ್ತ್ರಿಯ ಶರ್ಟು ಹಾಕಿ, ಯಂತ್ರದ ಎದುರು ಕುಳಿತು ಸ್ವಿಚ್ ಒತ್ತಿದರು. ಸ್ಟೆಬಿಲೈಸರ್ ಟಕ್ ಎಂದಿತು. ಕೆಂಪು ದೀಪ ಬಂತು. ಮತ್ತೇನೂ ಬರಲಿಲ್ಲ. ಅವರು ಆರಿಸಿ ಮತ್ತೆ ಒತ್ತಿದರು. ಟಕ್. ಮರುದಿನವೂ ಅಷ್ಟೇ.

ಮಾಸ್ಟ್ರಿಗೆ ಗೊತ್ತಿದ್ದದ್ದು ಟೈಪ್‌ರೈಟರಿನ ಕಾಯಿಲೆಗಳು. ಅವರು ಇನ್‌ಸ್ಟಿಟ್ಯೂಟಿನಿಂದ ಬ್ರಶ್ ತಂದು ಕೀಲಿಗಳ ಸಂದುಗಳನ್ನೆಲ್ಲ ಉಜ್ಜಿದರು. ಎಣ್ಣೆ ಬಿಡಲು ಹೊರಟಾಗ ಗುಣವತಿಯಮ್ಮ ಎಣ್ಣೆಯ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನಲ್ಲಿ ಅಡಗಿಸಿಟ್ಟರು. ಯಂತ್ರ ಉಳಿದದ್ದು ಅದರಿಂದ.

ಮಾರಿದ ಅಂಗಡಿಯ ಇಂಜಿನಿಯರ್ ಯೂಸ್ಟೇಸ್ ಕಂಕನಾಡಿಯಿಂದ ಸ್ಕೂಟರಿನಲ್ಲಿ ಬಂದ. ಅವನು ಬಂದದ್ದು ಮಧ್ಯಾಹ್ನ, ಮಾಸ್ಟ್ರು ಬಲ್ಮಠದಲ್ಲಿದ್ದಾಗ. ಸ್ವಿಚ್ ಒತ್ತಿದ, ಯಂತ್ರ ಎದ್ದಿತು. ಒಂದು ಬೆರಳಿನಿಂದ ಅಲ್ಲಿ ಇಲ್ಲಿ ಒತ್ತಿ, ಪರದೆಯ ಮೇಲೆ ಏನೋ ಪಟ್ಟಿ ಬಂದದ್ದನ್ನು ನೋಡಿ, ಓಕೆ ಎಂದು ಆರಿಸಿ, ಚಹಾ ಕುಡಿದು ಹೋದ. ಸಂಜೆ ಮಾಸ್ಟ್ರು ಒತ್ತಿದರು. ಟಕ್. ಯೂಸ್ಟೇಸ್ ಮತ್ತೆ ಬಂದ, ಅದು ಮತ್ತೆ ಎದ್ದಿತು. ಮೂರನೆಯ ಸಲ ಬಂದಾಗ ಅವನ ಮುಖ ಚಿಕ್ಕದಾಗಿತ್ತು.

“ಯಂತ್ರಕ್ಕೆ ಎಂತದೂ ಆಗಿಲ್ಲ ಅಮ್ಮ” ಎಂದ ಅವನು ಗುಣವತಿಯಮ್ಮನಿಗೆ. “ಮಾಸ್ಟ್ರು ಅದಕ್ಕೆ ಎಂತ ಮಾಡ್ತಾರೆ, ಅದನ್ನು ಸ್ವಲ್ಪ ನೋಡಿ.”

ಈ ಮಾತು ಬೇಲಿ ದಾಟಿತು. ಮಾಸ್ಟ್ರ ಕೈ ತಾಗಿದರೆ ಯಂತ್ರ ಏಳುವುದಿಲ್ಲ ಎಂದು ಓಣಿ ತೀರ್ಪು ಕೊಟ್ಟಿತು. ಆ ಕೈಯಲ್ಲಿ ಕಲಿತವರು ಜಿಲ್ಲೆಯ ಅರ್ಧ ಕಚೇರಿಗಳಲ್ಲಿ ಟೈಪಿಸ್ಟರಾಗಿದ್ದಾರೆ ಎಂಬುದನ್ನು ಯಾರೂ ಪರಿಗಣಿಸಲಿಲ್ಲ. ಗುಣವತಿಯಮ್ಮ ಮಾತ್ರ ಯೂಸ್ಟೇಸನನ್ನು ಗೇಟಿನ ಬಳಿ ನಿಲ್ಲಿಸಿ, ಇದು ಏಳದೆ ಇರುವುದು ಸಂಜೆ ಮಾತ್ರ ಎಂದರು. ಅವನು ಹಿಂದೆ ಬಂದು ಸ್ಟೆಬಿಲೈಸರಿನ ಬೆನ್ನಿನ ಮೇಲಿದ್ದ ಅಕ್ಷರಗಳನ್ನು ಓದಿದ. ನೂರ ಎಂಬತ್ತು ವೋಲ್ಟಿಗಿಂತ ಕೆಳಗೆ ಬಂದರೆ ಈ ಡಬ್ಬವೂ ಕೈಚೆಲ್ಲುತ್ತದೆ, ಸಂಜೆ ನಿಮ್ಮಲ್ಲಿ ಎಷ್ಟು ಬರುತ್ತದೆ ಎಂದು ಕೇಳಿದ.

ವಾಮಂಜೂರಿನಲ್ಲಿ ಸಂಜೆ ಎಷ್ಟು ಬರುತ್ತದೆ ಎಂಬುದು ಬಲ್ಬು ನೋಡಿದರೆ ಸಾಕು, ತಿಳಿಯುತ್ತಿತ್ತು. ಗದ್ದೆ ತೋಟಗಳ ಪಂಪುಗಳಿಗೆ ತ್ರೀ ಫೇಸ್ ಕೊಡುತ್ತಿದ್ದದ್ದು ಹೊತ್ತು ಮುಳುಗಿದ ಮೇಲೆ, ಬೆಳಕು ಹರಿಯುವ ತನಕ. ಅಷ್ಟು ಹೊತ್ತೂ ಮನೆಗಳ ಬಲ್ಬುಗಳು ಹಲಸಿನ ಸೊಳೆಯ ಬಣ್ಣದಲ್ಲಿರುತ್ತಿದ್ದವು. ಹಗಲು ವೋಲ್ಟೇಜ್ ಚೆನ್ನಾಗಿತ್ತು. ಆದರೆ ಬೆಳಗಿನ ಬ್ಯಾಚಿಗೆ ಮೊದಲ ಬಸ್ಸಿನಲ್ಲಿ ಹೊರಡುವ ಮಾಸ್ಟ್ರು ಮನೆಗೆ ಮರಳುತ್ತಿದ್ದದ್ದು ಕತ್ತಲಾದ ಮೇಲೆ. ಭಾನುವಾರ ಲೈನಿನ ಕೆಲಸವೆಂದು ಹಗಲಿಡೀ ಕರೆಂಟೇ ಇರುತ್ತಿರಲಿಲ್ಲ. ಹೀಗಾಗಿ ಮಾಸ್ಟ್ರೂ ವೋಲ್ಟೇಜೂ ಒಂದೇ ಹೊತ್ತಿಗೆ ಮನೆಯಲ್ಲಿ ಸಿಕ್ಕಿದ್ದೇ ಇಲ್ಲ.

ಇದನ್ನು ಚೌಟರಿಗೆ ಹೇಳಬಹುದಿತ್ತು. ಮಾಸ್ಟ್ರು ಹೇಳಲಿಲ್ಲ. ಹೇಗೆ ಹೋಗ್ತಾ ಉಂಟು ಎಂದು ಚೌಟರು ಕೇಳಿದಾಗಲೆಲ್ಲ ಭಾರೀ ಚಂದ ಹೋಗ್ತಾ ಉಂಟು ಎನ್ನುತ್ತಿದ್ದರು. ಅಷ್ಟು ಚಂದ ಹೋಗುತ್ತಿರುವುದನ್ನು ಒಮ್ಮೆ ನೋಡಬೇಕೆಂದು ಚೌಟರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಮಾಳಿಗೆಗೆ ಏರ್ ಕಂಡೀಷನರ್ ತರಿಸುವ ಮೊದಲು, ಬರುವ ಗುರುವಾರ ಪಾಲುದಾರರಿಬ್ಬರನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಎಂದರು. ಹೋಟೆಲಿನವರಿಗೆ ಬಿಡುವು ಸಿಗುವುದು ಸಂಜೆಯ ತಿಂಡಿ ಮುಗಿದು ರಾತ್ರಿಯ ಊಟ ಶುರುವಾಗುವ ನಡುವೆ. ಎಂದರೆ ಬಲ್ಬು ಅತಿ ಹಳದಿಯಾಗಿರುವ ಹೊತ್ತು. ಬನ್ನಿ ಬನ್ನಿ ಎಂದು ಹೇಳಿ ಮಾಸ್ಟ್ರು ಬಸ್ಸಿನಲ್ಲಿ ಕುಳಿತು ಬೆವರಿದರು.

ಮರುಸಂಜೆ ಅವರು ಓಣಿಯ ಮನೆಗಳಿಗೆ ಹೊರಟರು. ಕಿಸೆಯಲ್ಲಿ ಪೆನ್ನಿತ್ತು, ಮುಖ ಗಂಭೀರವಾಗಿತ್ತು. ಕಾರಣ ಹೇಳಿಕೊಳ್ಳಲು ನಾಚಿಕೆ. ಆದ್ದರಿಂದ ನೇರವಾಗಿ, ಸಂಜೆ ಹೊತ್ತು ನಿಮ್ಮಲ್ಲಿ ಎಂತೆಂತ ಓಡ್ತದೆ, ಎಷ್ಟು ವ್ಯಾಟಿನದ್ದು ಎಂದು ಕೇಳಿದರು. ಹಿಂದಿನ ತಿಂಗಳಷ್ಟೇ ಪಕ್ಕದ ಊರಿಗೆ ಜೀಪಿನಲ್ಲಿ ಬಂದ, ಕರೆಂಟು ಕಳ್ಳತನ ಹಿಡಿಯುವ ಸ್ಕ್ವಾಡಿನವರು ಕೇಳಿದ್ದೂ ಇದೇ ಪ್ರಶ್ನೆ. ಆಮೇಲೆ ಅಲ್ಲಿ ಎರಡು ಮನೆಗಳ ಫ್ಯೂಸು ಕಿತ್ತಿದ್ದರು.

ಎದುರು ಮನೆಯ ಜಲಜಾಕ್ಷಿ ಚಹಾದಂಗಡಿಗಳಿಗೆ ದೋಸೆಯ ಹಿಟ್ಟು ಒದಗಿಸುವವರು. ಸಂಜೆಯಾದರೆ ಅವರ ಗ್ರೈಂಡರಿನ ಸದ್ದು ಬಸ್‌ಸ್ಟಾಪಿನ ತನಕ ಕೇಳಿಸುತ್ತಿತ್ತು. ಅವರು ಗ್ರೈಂಡರಿನ ಮೇಲೆ ಚಾಪೆ ಹೊದಿಸಿ, ತಾನು ಅರೆಯುವುದು ಕಲ್ಲಿನಲ್ಲಿ ಎಂದರು. ಪಕ್ಕದ ಮನೆಯ ರೊಸಾಲಿನ್ ಬಾಯಿ ಕುವೈತಿನಲ್ಲಿದ್ದು ಬಂದ ನರ್ಸು, ಈಗ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ದಿನಾ ಸಂಜೆ ಹೊರಡುವ ಮೊದಲು ಬಿಳಿ ಯೂನಿಫಾರ್ಮಿಗೆ ಕುವೈತಿನ ಇಸ್ತ್ರಿಪೆಟ್ಟಿಗೆ ಹಾಕುವವರು. ತನ್ನದು ಇದ್ದಿಲಿನ ಪೆಟ್ಟಿಗೆ ಎಂದರು. ಓಣಿಯ ಕೊನೆಗೆ ಗದ್ದೆಯ ಬದಿಯಲ್ಲಿ ತೆಂಗು, ತೊಂಡೆ ಬೆಳೆಸಿದ್ದ ಅಹ್ಮದ್ ಬಾವ, ಪಂಪು ಕೆಟ್ಟು ದುರಸ್ತಿಗೆ ಹೋಗಿದೆ ಎಂದರು. ಹಾಗೆನ್ನುವಾಗ ಅವರ ಹಿಂದೆ ಪೈಪಿನಿಂದ ನೀರು ಧೋ ಎಂದು ಬೀಳುತ್ತಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಮಾಸ್ಟ್ರು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು.

“ಈ ಓಣಿಯಲ್ಲಿ ಯಾರ ಮನೆಯಲ್ಲಿಯೂ ಎಂತದೂ ಓಡುವುದಿಲ್ಲವಂತೆ. ಮತ್ತೆ ಕರೆಂಟು ಎಲ್ಲಿಗೆ ಹೋಗ್ತದೆ?”

“ನೀವು ಎಂತಕ್ಕೆ ಕೇಳುವುದು ಅಂತ ಹೇಳಿದ್ದೀರಾ?” ಎಂದು ಗುಣವತಿಯಮ್ಮ ಕೇಳಿದರು.

ಗುಣವತಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದರು. ಅವರು ಮರಳುವಾಗ ಒಲೆಯ ಮೇಲಿಟ್ಟಿದ್ದ ಗಂಜಿ ಇನ್ನೂ ಕುದಿದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಓಣಿಯೇ ಮಾಸ್ಟ್ರ ಅಂಗಳಕ್ಕೆ ಬಂತು. ಎಲ್ಲರಿಗೂ ಸಿಟ್ಟು.

“ಕೆಲಸ ಹೋಗ್ತದೆ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಮಾಸ್ಟ್ರೇ?” ಎಂದರು ಜಲಜಾಕ್ಷಿ. “ನಾನು ಸ್ಕ್ವಾಡು ಅಂತ ಹೆದರಿ ಅರ್ಧ ಅರೆದ ಹಿಟ್ಟಿನ ಮೇಲೆ ಚಾಪೆ ಹಾಕಿದ್ದೇನೆ. ಅದರಲ್ಲಿ ಈಗ ಚಾಪೆಯ ಕಡ್ಡಿ ಉಂಟು.”

ರೊಸಾಲಿನ್ ಬಾಯಿ ಗುರುವಾರ ಹಗಲೇ ಇಸ್ತ್ರಿ ಮುಗಿಸುವುದಾಗಿ ಒಪ್ಪಿದರು. ಜಲಜಾಕ್ಷಿ ಅಂದು ತಡವಾಗಿ ಅರೆಯುವುದೆಂದಾಯಿತು. ಉಳಿದ ಮನೆಗಳವರು ಫ್ಯಾನು, ಫ್ರಿಜ್ಜು, ನೀರಿನ ಮೋಟಾರು ಆರಿಸುವುದು. ಅಹ್ಮದ್ ಬಾವ ಮಾತ್ರ ಯೋಚಿಸಿದರು. ತಾನೊಬ್ಬ ನಿಲ್ಲಿಸಿದರೆ ಸಾಲದು, ಗದ್ದೆಯ ಆಚೆ ಬದಿಯ ಪಂಪುಗಳೂ ನಿಲ್ಲಬೇಕು, ಅವರಿಗೆಲ್ಲ ತಾನು ಹೇಳುತ್ತೇನೆ ಎಂದರು. ಆದರೆ ಒಂದು ಶರತ್ತು. ಇಷ್ಟು ಮರ್ಯಾದೆ ಕೇಳುವ ಯಂತ್ರ ಎದ್ದು ಮಾಡುವುದೇನು ಎಂಬುದನ್ನು ತನಗೊಮ್ಮೆ ತೋರಿಸಬೇಕು. ಮಾಸ್ಟ್ರು ತೋರಿಸುತ್ತೇನೆ ಎಂದರು. ಅದು ಅವರಿಗೂ ಗೊತ್ತಿರಲಿಲ್ಲ.

ಗುರುವಾರ ಹೊತ್ತು ಮುಳುಗಿತು. ಚೌಟರ ಅಂಬಾಸಡರ್ ಕಾರು ಓಣಿಯ ಬಾಯಿಯಲ್ಲಿ ಕಂಡದ್ದೇ ತಡ, ಎಲ್ಲ ಮನೆಗಳಲ್ಲಿ ಸ್ವಿಚ್ಚುಗಳು ಆರಿದವು. ಗದ್ದೆಯ ಕಡೆಯ ಪಂಪುಗಳ ಸದ್ದು ಒಂದೊಂದಾಗಿ ನಿಂತಿತು. ವಾಮಂಜೂರಿನಲ್ಲಿ ಅಷ್ಟು ಮೌನವನ್ನು ಯಾರೂ ಕೇಳಿರಲಿಲ್ಲ. ಮಾಸ್ಟ್ರ ಚಾವಡಿಯ ಬಲ್ಬು ಹಳದಿಯಿಂದ ಬಿಳಿಗೆ ಬಂತು, ಬಿಳಿಯಿಂದ ಇನ್ನೂ ಬಿಳಿಗೆ ಹೋಯಿತು. ಚೌಟರು ಕುರ್ಚಿಯಲ್ಲಿ ಕುಳಿತು ಕಣ್ಣಿಗೆ ಕೈ ಅಡ್ಡ ಹಿಡಿದರು.

ಮಾಸ್ಟ್ರು ಸ್ವಿಚ್ ಒತ್ತಿದರು. ಟಕ್. ಕೆಂಪು ದೀಪ.

ಮುಳ್ಳನ್ನು ನೋಡಿದರೆ ಅದು ಇನ್ನೂರ ಎಪ್ಪತ್ತು ದಾಟಿ ಆಚೆ ಗೋಡೆಗೆ ಒರಗಿ ನಿಂತಿತ್ತು. ವಿಷಯ ಸರಳ. ವೋಲ್ಟೇಜ್ ಇಲ್ಲವೆಂದು ಜನ ದೂರಿ ದೂರಿ, ಕರೆಂಟಿನವರು ಟ್ರಾನ್ಸ್‌ಫಾರ್ಮರಿನಲ್ಲಿಯೇ ಅದನ್ನು ಎತ್ತಿ ಇಟ್ಟಿದ್ದರು. ಎಲ್ಲರೂ ಎಳೆಯುವಾಗ ಅದು ಸಾಲುತ್ತಿರಲಿಲ್ಲ. ಯಾರೂ ಎಳೆಯದಿದ್ದಾಗ ಅಷ್ಟೂ ಮಾಸ್ಟ್ರ ಮನೆಗೇ ಬಂತು. ಕಡಿಮೆಯಾದರೆ ಸಿಟ್ಟಾಗುವ ಡಬ್ಬ ಹೆಚ್ಚಾದರೂ ಸಿಟ್ಟಾಗುತ್ತದೆ ಎಂಬುದು ಯೂಸ್ಟೇಸ್ ಹೇಳದೆ ಬಿಟ್ಟಿದ್ದ ಭಾಗ.

ಚೌಟರು ಎಂತ ಆಯಿತು ಎಂದರು. ಒಂದು ನಿಮಿಷ ಎಂದು ಮಾಸ್ಟ್ರು ಜಗಲಿಗೆ ಬಂದು, ಮೂವತ್ತು ವರ್ಷ ಟೈಪ್‌ರೈಟರುಗಳ ಗದ್ದಲದ ಮೇಲೆ ಪಾಠ ಹೇಳಿ ಬಲಿತ ಸ್ವರದಲ್ಲಿ ಕೂಗಿದರು.

“ಜಲಜಕ್ಕ, ನಿಮ್ಮ ಗ್ರೈಂಡರ್ ಸ್ವಲ್ಪ ಹಾಕಿ.”

ಗ್ರೈಂಡರ್ ತಿರುಗಿತು. ಮುಳ್ಳು ಒಂದು ಎಳೆ ಇಳಿಯಿತು. ಸಾಲದು. ಗಳಿಗೆ ಬಿಟ್ಟು ರೊಸಾಲಿನ್ ಬಾಯಿಗೆ ಇಸ್ತ್ರಿ ಹಾಕಲು ಹೇಳಿದರು. ಮುಳ್ಳು ಇಳಿದು ನಡುವೆ ಬಂತು. ಹಸಿರು ದೀಪ. ಮಾಸ್ಟ್ರು ಓಡಿಹೋಗಿ ಕುಳಿತು ಸ್ವಿಚ್ ಒತ್ತಿದರು. ಯಂತ್ರದೊಳಗೆ ಏನೋ ಗರಗರ ಎಂದಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಚೌಟರ ಪಾಲುದಾರರು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಟಕ್ ಎಂದು ಎಲ್ಲವೂ ಹೋಯಿತು.

“ನನ್ನ ಪೆಟ್ಟಿಗೆ ಬಿಸಿ ಆಯ್ತು ಮಾಸ್ಟ್ರೇ” ಎಂದು ಬೇಲಿಯ ಆಚೆಯಿಂದ ರೊಸಾಲಿನ್ ಬಾಯಿ ಹೇಳಿದರು. “ಬಿಸಿ ಆದ್ರೆ ಅದು ತನ್ನಷ್ಟಕ್ಕೇ ಬಂದ್ ಆಗ್ತದೆ. ಕುವೈತಿನದ್ದಲ್ಲವಾ.”

ಇನ್ನೊಂದು ಬದಿಯಲ್ಲಿ ಅಹ್ಮದ್ ಬಾವರಿಗೆ ತಾಳ್ಮೆ ತಪ್ಪಿತು. ಇಸ್ತ್ರಿಯ ಬದಲಿಗೆ ತನ್ನ ಪಂಪು ಆಗಲಿ ಎಂದು ಸ್ವಂತ ನಿರ್ಧಾರದ ಮೇಲೆ ಹಾಕಿಬಿಟ್ಟರು. ಅದನ್ನು ಕೇಳಿದ ಆಚೆ ಬದಿಯವರು ಕೆಲಸ ಮುಗಿಯಿತೆಂದು ತಮ್ಮವನ್ನೂ ಹಾಕಿದರು. ಬಲ್ಬು ಬಿಳಿಯಿಂದ ಒಮ್ಮೆಗೇ ಹಲಸಿನ ಸೊಳೆಗೆ ಇಳಿಯಿತು. ಚಾವಡಿಯಲ್ಲಿ ಚೌಟರ ಮುಖ ಸರಿಯಾಗಿ ಕಾಣದಾಯಿತು. ಅದು ಆ ಹೊತ್ತಿಗೆ ಒಳ್ಳೆಯದೇ.

“ಬಾವಾಕ, ಬೇಡ. ನಿಲ್ಲಿಸಿ. ಎಲ್ಲರಿಗೂ ಹೇಳಿ” ಎಂದು ಮಾಸ್ಟ್ರು ಅಂಗಳಕ್ಕೆ ಇಳಿದು ಕೂಗಿದರು. ಮುಂಡಿನ ತುದಿ ಎತ್ತಿ ಕಟ್ಟಿದ್ದರು. ಪಂಪುಗಳು ನಿಂತವು. ಗುಣವತಿಯಮ್ಮ ಬಚ್ಚಲಿನಿಂದ ಮೈ ಒರೆಸುವ ಒದ್ದೆ ಬೈರಾಸುಗಳನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದರು. ಒದ್ದೆ ಬಟ್ಟೆಗೆ ತಾಗಿಸಿಕೊಂಡೇ ಇದ್ದರೆ ಪೆಟ್ಟಿಗೆ ತಣಿಯುತ್ತದೆ, ತಣಿದರೆ ಅದು ಕರೆಂಟು ಎಳೆಯುತ್ತಲೇ ಇರುತ್ತದೆ. ರೊಸಾಲಿನ್ ಬಾಯಿ ಬೈರಾಸಿನ ಮೇಲೆ ಪೆಟ್ಟಿಗೆ ಒತ್ತಿ ಹಿಡಿದರು. ಅವರ ಕಿಟಕಿಯಿಂದ ಬಿಳಿ ಹಬೆ ಎದ್ದು ಬರುತ್ತಿತ್ತು. “ಸಾಯ್ಬಾ, ದೇವರೇ, ಪೇಶೆಂಟಿಗೂ ನಾನು ಇಷ್ಟು ಶಾಖ ಕೊಟ್ಟದ್ದಿಲ್ಲ” ಎಂದು ಅವರು ಹೇಳುವುದು ಚಾವಡಿಗೆ ಕೇಳಿಸಿತು.

ಹಸಿರು ದೀಪ ಬಂದು ನಿಂತಿತು. ಮಾಸ್ಟ್ರು ಮರಳಿ ಯಂತ್ರದ ಎದುರು ಕುಳಿತರು. ಯಂತ್ರ ಗರಗರ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಇಂದಿನ ದಿನಾಂಕ 1980, ಜನವರಿ ಒಂದು ಎಂದು ಅದು ಹೇಳುತ್ತಿತ್ತು.

ಚೌಟರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. “ಎಂಟು ವರ್ಷ ಹಿಂದೆ ಉಂಟಲ್ಲ ಮಾಸ್ಟ್ರೇ ಇದು.”

ಒಂದು ತಿಂಗಳು ಮಾಸ್ಟ್ರು ಕಲಿತದ್ದು ಯಂತ್ರವನ್ನು ಎಬ್ಬಿಸುವ ಉಪಾಯಗಳನ್ನು. ಎದ್ದ ಮೇಲೆ ಅದರೊಡನೆ ಏನು ಮಾತಾಡುವುದು ಎಂಬಲ್ಲಿಗೆ ಅವರು ಇನ್ನೂ ತಲುಪಿರಲಿಲ್ಲ. ಎದುರಿಗೆ ಹಸಿರು ಗೆರೆಯೊಂದು ಮಿನುಗುತ್ತಿತ್ತು. ಹೊರಗೆ ಗ್ರೈಂಡರ್ ತಿರುಗುತ್ತಿತ್ತು.

ಒಳಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಗುಣವತಿಯಮ್ಮ ಮೆಲ್ಲಗೆ, “ಆ ದೊಡ್ಡ ಕೀಲಿ ಎರಡು ಸಲ ಒತ್ತಿ. ಯೂಸ್ಟೇಸ್ ಆ ತಾರೀಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ” ಎಂದರು.

ಮಾಸ್ಟ್ರು ಎರಡು ಸಲ ಒತ್ತಿದರು. ‘ಎ’ ಎಂಬ ಅಕ್ಷರ ಬಂದು, ಪಕ್ಕದಲ್ಲಿ ಗೆರೆ ಮಿನುಗತೊಡಗಿತು. ಇದು ತಮಗೆ ಪರಿಚಯದ ಸ್ಥಳ ಎಂದು ಮಾಸ್ಟ್ರಿಗೆ ತೋರಿತು. ಬೆನ್ನು ನೆಟ್ಟಗಾಯಿತು. ಹತ್ತೂ ಬೆರಳುಗಳು ಕೀಲಿಗಳ ಮೇಲೆ ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಚೌಟರ ಮುಖವನ್ನೇ ನೋಡುತ್ತಾ, ಕೀಲಿಗಳ ಕಡೆ ಒಮ್ಮೆಯೂ ಕಣ್ಣು ಹಾಕದೆ, ಎಲ್ಲ ಟೈಪಿಂಗ್ ಶಾಲೆಗಳ ಮೊದಲ ಪಾಠವಾದ ಎ ಎಸ್ ಡಿ ಎಫ್ ಜಿ ಎಫ್ ಎಂಬುದನ್ನು ಮಿಂಚಿನಂತೆ ಒಂದು ಸಾಲು ಹೊಡೆದು ದೊಡ್ಡ ಕೀಲಿ ಒತ್ತಿದರು.

ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್ ಎಂದು ಯಂತ್ರ ಉತ್ತರ ಕೊಟ್ಟಿತು.

ಪಾಲುದಾರರಲ್ಲೊಬ್ಬರು ಬ್ಯಾಡ್ ಎಂಬುದನ್ನು ಗಟ್ಟಿಯಾಗಿ ಓದಿದರು. ಮಾಸ್ಟ್ರ ಕಿವಿ ಕೆಂಪಾಯಿತು.

“ಒಂದಕ್ಷರ ತಪ್ಪಿಲ್ಲ” ಎಂದರು ಮಾಸ್ಟ್ರು. “ನೀವೇ ನೋಡಿ. ಮೂವತ್ತು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿದ್ದಿಲ್ಲ.”

“ಡಿ, ಐ, ಆರ್ ಹೊಡೆಯಿರಿ” ಎಂದರು ಗುಣವತಿಯಮ್ಮ ಬಾಗಿಲಿನಿಂದ. “ಅವನು ಮೂರು ಸಲವೂ ಅದನ್ನೇ ಹೊಡೆದದ್ದು.”

ಹೊಡೆದರು. ಬ್ಯಾಡ್ ಎಂದಿದ್ದ ಸಾಲಿನ ಕೆಳಗೆ ಹೆಸರುಗಳ ಸಾಲುಗಳು ಒಂದರ ಹಿಂದೊಂದು ಮೂಡಿ ನಿಂತವು. ಯಾರಿಗೂ ಏನೂ ಅರ್ಥವಾಗಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಶರತ್ತಿನಂತೆ ಗೇಟಿನ ಬಳಿ ಬಂದು ನಿಂತು ಇಣುಕುತ್ತಿದ್ದ ಅಹ್ಮದ್ ಬಾವರು, ಇಷ್ಟೆಯಾ ಎಂದು ಕೇಳಿ, ತೊಂಡೆಗೆ ನೀರು ಬಿಡಲು ಹೊತ್ತಾಯಿತೆಂದು ತಿರುಗಿದರು.

ಹೊರಗಿನ ಗ್ರೈಂಡರಿನ ಸದ್ದು, ಕಿಟಕಿಯ ಹಬೆ, ಕತ್ತಲಲ್ಲಿ ಮನೆಮನೆಯ ಜಗಲಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದ ಜನ, ಎಲ್ಲವನ್ನೂ ಚೌಟರು ಒಂದು ಸುತ್ತು ಗಮನಿಸಿದರು. ಅವರು ಹೋಟೆಲು ನಡೆಸುವವರು. ಅಡುಗೆಮನೆಯಲ್ಲಿ ಯಾವುದು ಬೆಂದಿಲ್ಲ ಎಂಬುದು ಕೌಂಟರಿನಿಂದಲೇ ಅವರಿಗೆ ಗೊತ್ತಾಗುತ್ತಿತ್ತು.

“ಸತ್ಯ ಹೇಳಿ ಮಾಸ್ಟ್ರೇ. ಇದನ್ನು ನೀವು ಈ ತನಕ ಎಷ್ಟು ಸಲ ಸ್ಟಾರ್ಟ್ ಮಾಡಿದ್ದೀರಿ?”

ಮಾಸ್ಟ್ರು ಮುಂಡು ಇಳಿಸಿ ಸರಿಮಾಡಿಕೊಂಡರು. ಗುಣವತಿಯಮ್ಮ ನೆಲ ನೋಡಿದರು.

“ಎರಡು ಸಲ” ಎಂದರು ಮಾಸ್ಟ್ರು. “ಎರಡೂ ಇವತ್ತೇ. ಒಂದು ನೀವು ನೋಡುವಾಗಲೇ ಹೋಯಿತು.”

ಪಾಲುದಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೌಟರು ಎದ್ದು, ಪರದೆಯ ಹತ್ತಿರ ಹೋಗಿ, ಬ್ಯಾಡ್ ಎಂದಿದ್ದ ಸಾಲಿನ ಮೇಲಿನ ಸಾಲನ್ನು ಬೆರಳಿಟ್ಟು ಓದಿದರು.

“ಆ ಟೈ ಕಟ್ಟಿದ ಯೂಸ್ಟೇಸ್ ಅಂಗಡಿಯಲ್ಲಿ ನನ್ನ ಎದುರು ಒಂದೊಂದು ಅಕ್ಷರ ಹುಡುಕಿ ಒತ್ತಿದ, ಕೋಳಿ ಹೆಕ್ಕಿದ ಹಾಗೆ. ನೀವು ನನ್ನ ಮುಖ ನೋಡ್ಕೊಂಡು ಹೊಡೆದ್ರಿ, ಒಂದು ತಪ್ಪಿಲ್ಲ. ಬರುವ ಮಕ್ಕಳು ಮೊದಲು ಬೆರಳು ಇಡ್ಲಿಕ್ಕೆ ಕಲಿಯಬೇಕಲ್ಲ, ಅದನ್ನು ನೀವು ಕಲಿಸಿ. ಉಳಿದದ್ದು ಅವ ಬಂದು ಕಲಿಸ್ತಾನೆ, ನೀವೂ ಹಿಂದಿನ ಬೆಂಚಿನಲ್ಲಿ ಕೂತು ಕಲಿಯಿರಿ.” ಬಾಗಿಲಿನ ತನಕ ಹೋಗಿ ತಿರುಗಿದರು. “ಆದ್ರೆ ಇನ್ನು ಭಾರೀ ಚಂದ ಹೋಗ್ತಾ ಉಂಟು ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೇ. ಆಗದಿದ್ರೆ ಆಗುವುದಿಲ್ಲ ಅಂತ ಹೇಳಿ.”

ಕಾರು ಓಣಿ ದಾಟಿದ ಮೇಲೆ ಜಲಜಾಕ್ಷಿಯ ಮನೆಯಿಂದ ಗ್ರೈಂಡರ್ ನಿಲ್ಲಿಸಬಹುದಾ ಎಂಬ ಪ್ರಶ್ನೆ ಬಂತು. ಅವಸರದಲ್ಲಿ ಅದಕ್ಕೆ ಹಾಕಿದ್ದು ನೆನೆಸದ ಅಕ್ಕಿ. ಮರುದಿನ ಓಣಿಯ ಎಲ್ಲ ಮನೆಗಳಿಗೂ ತರಿತರಿಯಾದ ಹಿಟ್ಟು ಹಂಚಿಕೆಯಾಯಿತು. ರೊಸಾಲಿನ್ ಬಾಯಿ ಹಿಂದಿರುಗಿಸಿದ ಬೈರಾಸುಗಳು ಸುಟ್ಟ ಹಪ್ಪಳದ ಹಾಗಿದ್ದವು.

ಮಾಳಿಗೆಯ ಸಾರಣೆ ಒಣಗುವ ತನಕ ಯಂತ್ರ ವಾಮಂಜೂರಿನಲ್ಲೇ ಇತ್ತು. ಮಾಸ್ಟ್ರು ದಿನಾ ಸಂಜೆ ಅಭ್ಯಾಸಕ್ಕೆ ಕುಳಿತರು. ಆಮೇಲೆ ಯಾರಿಗೂ ಏನನ್ನೂ ನಿಲ್ಲಿಸಬೇಕಾಗಿ ಬರಲಿಲ್ಲ, ಸರದಿ ಕಾದರೆ ಸಾಕು ಎಂದು ಎಲ್ಲರಿಗೂ ತಿಳಿದಿತ್ತು. ಮೊದಲು ಗ್ರೈಂಡರ್, ಅದು ಮುಗಿದರೆ ಇಸ್ತ್ರಿ, ಆಮೇಲೆ ಒಂದೊಂದೇ ಪಂಪು. ಬದಲಾಯಿಸುವ ಮೊದಲು ಮಾಸ್ಟ್ರನ್ನೊಂದು ಮಾತು ಕೇಳುವುದು ರೂಢಿಯಾಯಿತು. ಓಣಿಯಲ್ಲಿ ಬಲ್ಬುಗಳು ಸಂಜೆಯೂ ಬೆಳ್ಳಗೆ ಉರಿದದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಹೋಟೆಲಿನ ವ್ಯಾನು ಬಂದು ಮೂರು ಪೆಟ್ಟಿಗೆಗಳನ್ನೂ ಬಲ್ಮಠಕ್ಕೆ ಒಯ್ದಿತು. ಚಾವಡಿಯ ಮೇಜಿನ ಮೇಲೆ ಕಸೂತಿಯ ಬಟ್ಟೆಯೊಂದೇ ಉಳಿಯಿತು. ಅಂದು ಸಂಜೆ ಮಾಸ್ಟ್ರು ಊಟಕ್ಕೆ ಕುಳಿತಿದ್ದಾಗ ಬೇಲಿಯ ಹೊರಗಿನಿಂದ ಅಹ್ಮದ್ ಬಾವರ ಸ್ವರ ಕೇಳಿಸಿತು.

“ಮಾಸ್ಟ್ರೇ, ಪಂಪ್ ಹಾಕ್ಲಾ?”

ಯಂತ್ರ ಹೋಯಿತು, ಇನ್ನು ಯಾರು ಏನು ಬೇಕಾದರೂ ಹಾಕಲಿ ಎಂದು ಹೇಳಿ ಎಂದರು ಗುಣವತಿಯಮ್ಮ. ಮಾಸ್ಟ್ರು ಎಂಜಲು ಕೈಯಲ್ಲೇ ಎದ್ದು ಜಗಲಿಗೆ ಬಂದರು. ಕತ್ತೆತ್ತಿ ಬಲ್ಬನ್ನು ನೋಡಿದರು, ಎದುರು ಮನೆಯ ಕಡೆಗೆ ಕಿವಿಗೊಟ್ಟರು.

“ಸ್ವಲ್ಪ ನಿಲ್ಲಿ ಬಾವಾಕ” ಎಂದರು. “ಜಲಜಕ್ಕನದ್ದು ಮುಗಿಯಲಿ.”